ಪಿನ್ನರ್ ಮನೆಯ ಕಿವಿ

ಧಾರವಾಡ
10 ಡಿಸೆಂಬರ್ 2024

ಚಿ. ರುದ್ರೇಶನಿಗೆ ಸುಶೀಲತ್ತಿಯ ಆಶೀರ್ವಾದ.

ಸುಖವಾಗಿ ಬಂದು ಮುಟ್ಟಿದೆ. ವಿಮಾನದಲ್ಲಿ ಏನೂ ಆಗದ ಸೊಂಟ ಬೆಂಗಳೂರಿನಿಂದ ಇಲ್ಲಿಗೆ ಬರುವ ರೈಲಿನಲ್ಲಿ ಕೈಕೊಟ್ಟಿತು. ಜಗನ್ನಾಥ ಸ್ಟೇಷನ್ನಿಗೆ ಬಂದಿದ್ದ. ನಿಮ್ಮ ಕಾಕಾನ ಮಗ ಅಂತ ಯಾರೂ ಹೇಳಬೇಕಾಗಿಲ್ಲ, ಹೊಟ್ಟೆ ನೋಡಿದರೇ ಗೊತ್ತಾಗುತ್ತದೆ. ಅವನ ಹೆಂಡತಿ ಅಂಕಿತಾ ಬಹಳ ಚಲೋ ಹುಡುಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಮನೆಯಲ್ಲಿ ಗಂಡನಿಗೆ ಕಲಿಸುತ್ತಾಳೆ.

ಕಣ್ಣಿನ ಆಪರೇಷನ್ ಜನವರಿಯಲ್ಲಿ. ಲಂಡನ್ನಿನ ವೇಟಿಂಗ್ ಲಿಸ್ಟಿನಲ್ಲಿ ಕೂತಿದ್ದರೆ ಮುಂದಿನ ಜನ್ಮದಲ್ಲಿ ಪೊರೆ ತೆಗೆಯುತ್ತಿದ್ದರು. ನೀನು ಫೋನ್ ಮಾಡಬೇಡ. ಫೋನ್ ಹಿಡಿದ ಕೂಡಲೇ ಕಿವಿಯ ಮಶೀನು ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆ, ನೀನು ಅಂದದ್ದು ನನಗೆ ಕೇಳುವುದಿಲ್ಲ. ಮೊದಲಿನ ಹಾಗೆ ಕಾಗದ ಬರೆ. ನಿನ್ನ ಕನ್ನಡವೂ ಜಂಗು ಹಿಡಿಯುವುದಿಲ್ಲ.

ನಿನ್ನ ಅಪ್ಪ, ನನ್ನ ಅಣ್ಣ, ಹೇಗಿದ್ದಾನೆ, ಅದನ್ನು ಮೊದಲು ಬರೆ. ನಾನು ಹೊರಟ ದಿನ ‘ಎಲ್ಲಿಗೆ ಹೊಂಟಿ?’ ಅಂತ ಮತ್ತೆ ಮತ್ತೆ ಕೇಳಿದ. ಕೇಳಿದಾಗೆಲ್ಲ ಹೇಳಿದೆ. ಕೊನೆಯ ಸಲ ಕೇಳುವಷ್ಟರಲ್ಲಿ ಕಾರು ಹತ್ತಿಬಿಟ್ಟೆ. ವಾರಕ್ಕೆರಡು ಸಲ ನನ್ನ ಮನೆಗೆ ಕರೆದುಕೊಂಡು ಬರುತ್ತಿದ್ದೆಯಲ್ಲ, ಈಗ ಆ ಹೊತ್ತು ಹೇಗೆ ಕಳೆಯುತ್ತಾನೆ? ನಿಮ್ಮ ಡಾಕ್ಟರ್ ಮಾಮಾ ಇದ್ದ ಕಾಲದಿಂದಲೂ ಅವನು ಮುಂಬಾಗಿಲಿನಿಂದ ಬಂದವನಲ್ಲ. ‘ಮುಂಬಾಗಿಲಾ ಡಾಕ್ಟರ್ ಸಾಹೇಬರ ಮಂದಿಗೆ. ತಂಗಿ ಮನಿಗೆ ಹಿತ್ತಲ ಬಾಗಿಲಾನ ಚಂದ’ ಅನ್ನುತ್ತಿದ್ದ.

ಮತ್ತೆ, ಆ ಪೆಟ್ಟಿಗೆ. ನನ್ನ ಅಡಿಗೆಮನೆ ಕಪಾಟಿನಲ್ಲಿ ನೀನು ಒಂದು ಪೆಟ್ಟಿಗೆ ಇಟ್ಟಿದ್ದೀ, ಹಿತ್ತಲ ಕಿಟಕಿಯ ಹೊರಗೆ ಒಂದು ಉದ್ದ ಕೋಲು, ಒಂದು ಕಪ್ಪು ಬಿಲ್ಲೆ ಇಟ್ಟಿದ್ದೀ. ಅಣ್ಣ ಕಳೆದುಹೋದರೆ ಹುಡುಕುವುದಕ್ಕೆ ಅಂತ ಇವರಿಗೆ ಹೇಳಿದರೆ ಜಗನ್ನಾಥ ‘ಅತ್ತಿ, ನಿಮ್ಮನ್ನ ಗೂಢಚಾರಿ ಮಾಡ್ಯಾರ’ ಅಂತ ನಗುತ್ತಾನೆ. ಅಂಕಿತಾ ಮಾತ್ರ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಬಿಡದೆ ಕೇಳುತ್ತಾಳೆ. ಅಣ್ಣನ ಲಿಂಗದ ಪಕ್ಕ ಕಟ್ಟುವ ಚೀಲ ಹೊಲಿದುಕೊಟ್ಟವಳು ನಾನು, ಆದರೆ ಅದರೊಳಗಿನದು ಏನು ಅಂತ ನನಗೇ ತಿಳಿಯದು. ನನಗೆ ತಿಳಿಯುವ ಹಾಗೆ ಬರೆ.

ಸೊಸೆ ಸೃಷ್ಟಿಗೆ, ಮೊಮ್ಮಗಳು ಸಾನ್ವಿಗೆ ಆಶೀರ್ವಾದ.

ನಿನ್ನ ಅತ್ತಿ
ಸುಶೀಲಾಬಾಯಿ


ರೇನರ್ಸ್ ಲೇನ್
ಲಂಡನ್
21 ಡಿಸೆಂಬರ್ 2024

ಪೂಜ್ಯ ಅತ್ತಿಯವರಿಗೆ ರುದ್ರೇಶನ ಶರಣು.

ನಿಮ್ಮ ಕಾಗದ ಬಂತು. ಅಪ್ಪ ಆರಾಮ ಇದ್ದಾರೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ನಿಮ್ಮ ಸುದ್ದಿ ಹೇಳಿದರೆ ನಗುತ್ತಾರೆ. ನೀವು ಯಾವ ಚಿಂತೆಯನ್ನೂ ಮಾಡಬೇಡಿ.

ಪೆಟ್ಟಿಗೆಯ ವಿಷಯ ಅಂಕಿತಾಗೂ ಓದಿ ಹೇಳಿ. ಇರುವ ಜಾಗ ತೋರಿಸಲಿ ಎಂದು ಕೈಗೆ ಕಟ್ಟಿದ ವಾಚನ್ನು ಅಪ್ಪ ಬಿಚ್ಚಿ ಕಮೋಡಿಗೆ ಹಾಕಿದರು, ಮೊಬೈಲನ್ನು ಹುಂಡಿಗೆ ಹಾಕುವ ಹಾಗೆ ರಸ್ತೆಯ ಪೋಸ್ಟ್ ಡಬ್ಬಿಗೆ ಹಾಕಿದರು, ಕೌನ್ಸಿಲಿನವರು ಕೊಟ್ಟ ಅಲಾರಂ ಪದಕ ಯಾರಿಗೆ ಕೊಟ್ಟರೋ ಗೊತ್ತಿಲ್ಲ. ಮೈಮೇಲಿಂದ ಅವರು ಎಂದೂ ತೆಗೆಯದ್ದು ಒಂದೇ, ಕೊರಳಿನ ಲಿಂಗ. ಅದರ ಪಕ್ಕ ಕಟ್ಟೋಣ ಎಂದವರು ನೀವೇ. ಚೀಲದಲ್ಲಿರುವುದು ಅಂಗಿಯ ಗುಂಡಿಯಷ್ಟು ಯಂತ್ರ. ಅದು ಆಗಾಗ ಒಮ್ಮೆ ರೇಡಿಯೋದಲ್ಲಿ ಕೂಗುತ್ತದೆ, ಅಷ್ಟೇ. ಅದಕ್ಕೇ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ.

ಆ ಕೂಗು ಕೇಳುವುದಕ್ಕೆ ಮೂರು ಕಿವಿ ಇಟ್ಟಿದ್ದೇವೆ. ರೇನರ್ಸ್ ಲೇನಿನ ನಮ್ಮ ಮನೆಯಲ್ಲಿ ಒಂದು, ಪಿನ್ನರಿನ ನಿಮ್ಮ ಮನೆಯಲ್ಲಿ ಒಂದು, ವೆಂಬ್ಲಿಯಲ್ಲಿ ವೇಣುಗೋಪಾಲ ಡಾಕ್ಟರ ಫ್ಲ್ಯಾಟಿನಲ್ಲಿ ಒಂದು. ಅವು ಗುಂಡಿ ತಿರುಗಿಸುವ ರೇಡಿಯೋ ಅಲ್ಲ, ಕೇಳಿದ್ದನ್ನೆಲ್ಲ ಅಂಕಿ ಮಾಡಿ ಕಂಪ್ಯೂಟರಿಗೆ ಕಳಿಸುವಂಥವು. ಕೂಗು ಹತ್ತಿರದ ಕಿವಿಗೆ ಮೊದಲು ಮುಟ್ಟುತ್ತದೆ, ದೂರದ್ದಕ್ಕೆ ತಡವಾಗಿ. ಯಾವುದಕ್ಕೆ ಎಷ್ಟು ತಡ ಎಂದು ನೋಡಿ ಕೂಗಿದವರು ಎಲ್ಲಿದ್ದಾರೆ ಎಂದು ಲೆಕ್ಕ ಹಾಕಬಹುದು.

ತೊಡಕು ಒಂದೇ. ಮೂರು ಮನೆಯ ಗಡಿಯಾರಗಳೂ ಒಂದೇ ಹೊತ್ತು ಹೇಳಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಹಿಂದುಮುಂದಾದರೂ ನಕ್ಷೆಯಲ್ಲಿ ಅಪ್ಪ ಮುನ್ನೂರು ಮೀಟರು ಸರಿದುಬಿಡುತ್ತಾರೆ. ನಾನು ತಂದ ಗಡಿಯಾರಗಳು ಅಗ್ಗದವು, ತಮ್ಮಷ್ಟಕ್ಕೆ ಬಿಟ್ಟರೆ ದಾರಿ ತಪ್ಪುತ್ತವೆ. ಆದರೆ ಆಕಾಶದ ಉಪಗ್ರಹಗಳಲ್ಲಿ ತಪ್ಪದ ಗಡಿಯಾರಗಳಿವೆ. ನಿಮ್ಮ ಕಿಟಕಿಯ ಹೊರಗಿನ ಉದ್ದ ಕೋಲು ಅಪ್ಪನ ಕೂಗು ಕೇಳುತ್ತದೆ. ಕಪ್ಪು ಬಿಲ್ಲೆ ಉಪಗ್ರಹ ಹೇಳುವ ಹೊತ್ತು ಕೇಳಿಸಿಕೊಂಡು ಪೆಟ್ಟಿಗೆಯ ಗಡಿಯಾರದ ಕಿವಿ ಹಿಂಡುತ್ತಿರುತ್ತದೆ. ಬಿಲ್ಲೆಗೆ ಆಕಾಶ ಕಾಣುತ್ತಿರಬೇಕು. ಮಳೆ, ಮೋಡ, ಮಂಜು, ಗಾಜು ಯಾವುದೂ ಅಡ್ಡಿಯಲ್ಲ.

ಹೋದ ತಿಂಗಳು ಅಪ್ಪ ಒಬ್ಬರೇ ಹೊರಟುಹೋದಾಗ ಇದರಿಂದಲೇ ಸಿಕ್ಕರಲ್ಲ. ಗುಜರಾತಿ ಅಂಗಡಿಯ ಮುಂದೆ ಬದನೆಕಾಯಿ ಆರಿಸುತ್ತ ನಿಂತಿದ್ದರು, ನಾನು ನಕ್ಷೆ ನೋಡುತ್ತ ನೇರ ಅಲ್ಲಿಗೇ ಹೋದೆ. ಆ ದಿನ ನನಗಾದ ಧೈರ್ಯ ಇನ್ನೂ ಇದೆ ಅತ್ತಿ. ಇವರನ್ನು ಕಳೆದುಕೊಳ್ಳುವುದಿಲ್ಲ ಅನ್ನಿಸಿತು.

ಈಗ ಎರಡು ವಾರದಿಂದ ಮಾತ್ರ ಸ್ವಲ್ಪ ತಂಟೆ ಮಾಡುತ್ತಿದೆ. ಅಪ್ಪ ಸೋಫಾದ ಮೇಲಿದ್ದರೆ ನಕ್ಷೆಯಲ್ಲಿ ಯಾವುದೋ ಗಾಲ್ಫ್ ಮೈದಾನದಲ್ಲಿರುತ್ತಾರೆ. ವೆಂಬ್ಲಿಯ ಕಿವಿಯದೇ ಕಿತಾಪತಿ ಇರಬೇಕು, ಡಾಕ್ಟರ ಫ್ಲ್ಯಾಟಿನ ಸುತ್ತ ದೊಡ್ಡ ದೊಡ್ಡ ಕಟ್ಟಡ ಎದ್ದಿವೆ. ನಿಮ್ಮ ಮನೆಯದಂತೂ ಅಲ್ಲ, ನಿಮ್ಮ ಹಿತ್ತಲಿನಷ್ಟು ಬಯಲು ಆಕಾಶ ಇನ್ನೆಲ್ಲಿದೆ? ಎರಡು ಸಲ ವೆಂಬ್ಲಿಗೆ ಹೋಗಿ ಬಿಲ್ಲೆಯ ಜಾಗ ಬದಲಾಯಿಸಿದೆ. ಡಾಕ್ಟರ ಹೆಂಡತಿ ಮೀರಾ ಅವರು ಪಾಪ, ಬಾಲ್ಕನಿಯ ತುಳಸಿ ತೆಗೆದು ಜಾಗ ಮಾಡಿಕೊಟ್ಟರು. ಅದೂ ಸಾಲದೆ ಈಗ ದಿನಾ ಸಂಜೆ ಅಪ್ಪ ಮನೆಯಲ್ಲಿರುವಾಗ ನಕ್ಷೆಯ ಚುಕ್ಕೆ ಮನೆಯ ಮೇಲೇ ಬರುವಂತೆ ನಾನೇ ಲೆಕ್ಕ ತಿದ್ದುತ್ತೇನೆ. ಕೆಲಸ ನಡೆಯುತ್ತಿದೆ.

ಕಣ್ಣು ಜೋಪಾನ. ಬರುವಾಗ ಪೇಢೆ, ಕುಸುಬಿ ಎಣ್ಣೆ ಮರೆಯಬೇಡಿ.

ನಿಮ್ಮ
ರುದ್ರೇಶ


ಧಾರವಾಡ
4 ಜನವರಿ 2025

ಚಿ. ರುದ್ರೇಶನಿಗೆ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಬಂತು, ಅಂಕಿತಾ ಎರಡು ಸಲ ಓದಿದಳು. ಅವಳಿಗೆ ಪೂರ್ತಿ ತಿಳಿಯಿತು, ನನಗೆ ಅರ್ಧ ತಿಳಿಯಿತು, ಜಗನ್ನಾಥನಿಗೆ ಬದನೆಕಾಯಿ ಮಾತ್ರ ತಿಳಿಯಿತು. ಅಣ್ಣನ ಬದನೆಕಾಯಿ ಹುಚ್ಚು ಇನ್ನೂ ಹೋಗಿಲ್ಲ ಅಂತ ಕೇಳಿ ಕಣ್ಣಲ್ಲಿ ನೀರು ಬಂತು. ಎಲ್ಲ ಮರೆತವನಿಗೆ ಎಣ್ಣೆಗಾಯಿ ನೆನಪಿದೆಯಲ್ಲ.

ನಿನ್ನ ಪೆಟ್ಟಿಗೆ ಬಗ್ಗೆ ನೀನು ಚಿಂತೆ ಮಾಡಬೇಡ. ಹೊರಡುವ ದಿನ ಎಲ್ಲ ಬಂದೋಬಸ್ತು ಮಾಡಿಯೇ ಬಂದಿದ್ದೇನೆ. ಆ ಕಪ್ಪು ಬಿಲ್ಲೆಯ ಮೇಲೆ ಪಾರಿವಾಳ ಕೂತು ಹೊಲಸು ಮಾಡುತ್ತಿದ್ದವು, ಮೇಲೆ ಆ ದರಿದ್ರ ಮಳೆ. ಇಷ್ಟು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ, ಹಾಳಾದೀತು ಅಂತ ನನ್ನ ಸ್ಟೀಲ್ ಬೋಗುಣಿ ಅದರ ಮೇಲೆ ಬೋರಲು ಹಾಕಿ, ಗಾಳಿಗೆ ಹಾರಬಾರದು ಅಂತ ಮೇಲೊಂದು ಇಟ್ಟಿಗೆ ಇಟ್ಟಿದ್ದೇನೆ. ಹಾಲು ಕಾಸುವ ಬೋಗುಣಿ, ದಪ್ಪ ತಳದ್ದು. ಮಳೆ ಮೋಡವೇ ಅಡ್ಡಿಯಲ್ಲ ಅಂದಮೇಲೆ ಬೋಗುಣಿ ಏನು ಮಾಡೀತು. ಒಂದು ಹನಿ ಒಳಗೆ ಹೋಗುವುದಿಲ್ಲ ನೋಡು.

ಕಣ್ಣಿನ ಆಪರೇಷನ್ ಒಂಬತ್ತನೆಯ ತಾರೀಖು. ಆಮೇಲೆ ಕೆಲವು ದಿನ ಬರೆಯಬಾರದಂತೆ. ಅಂಕಿತಾ ಕೈಯಿಂದ ಬರೆಸುತ್ತೇನೆ.

ಅಣ್ಣನಿಗೆ ಹೇಳು, ಯುಗಾದಿ ಮುಗಿಸಿ ಏಪ್ರಿಲಿನಲ್ಲಿ ಬರುತ್ತೇನೆ ಅಂತ. ನಂಬದಿದ್ದರೆ ದಿನಾ ಹೇಳು. ಮನೆಯ ಹಿತ್ತಲ ಬಾಗಿಲ ಕೀಲಿ ಅಡಿಗೆಮನೆ ಒಳಗಿನ ಮೊಳೆಗೆ ಇದೆ. ನಾನು ಬಂದ ದಿನ ಅವನು ಅಲ್ಲಿಂದಲೇ ಬರಲಿ.

ನಿನ್ನ ಅತ್ತಿ


ರೇನರ್ಸ್ ಲೇನ್
11 ಜನವರಿ 2025

ಪೂಜ್ಯ ಅತ್ತಿಯವರಿಗೆ ಶರಣು.

ಇದು ನಿಮ್ಮ ಕೈಗೆ ಮುಟ್ಟುವಷ್ಟರಲ್ಲಿ ಅಪ್ಪ ಸಿಕ್ಕಿರುತ್ತಾರೆ. ಆಪರೇಷನ್ ಆಗಿ ಎರಡೇ ದಿನ, ಈಗ ನಿಮಗೆ ಹೇಳಬೇಡ ಎಂದು ಜಗನ್ನಾಥನಿಗೆ ಫೋನಿನಲ್ಲಿ ಹೇಳಿದ್ದೇನೆ. ಆದರೂ ನಿಮಗೆ ಬರೆಯದೆ ಕೂರಲು ಆಗುತ್ತಿಲ್ಲ.

ಅಪ್ಪ ನಿನ್ನೆ ಮಧ್ಯಾಹ್ನದಿಂದ ಇಲ್ಲ. ನಾನು ಕೆಲಸದಲ್ಲಿದ್ದೆ, ಸೃಷ್ಟಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದಳು. ನೋಡಿಕೊಳ್ಳುವ ಹೆಂಗಸು ಊಟ ಹಾಕಿ ಹೋಗಿದ್ದಾಳೆ, ಸಾನ್ವಿ ಸ್ಕೂಲಿನಿಂದ ಬಂದು ನೋಡಿದರೆ ಬಾಗಿಲು ತೆರೆದಿತ್ತು. ಕೋಟು ಹಾಕಿಕೊಂಡಿಲ್ಲ. ಹೊರಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ.

ನಕ್ಷೆ ಕೆಲಸ ಮಾಡುತ್ತಿದೆ, ಅದೊಂದೇ ಸಮಾಧಾನ. ಚುಕ್ಕೆ ರೈಸ್ಲಿಪ್ ಕೆರೆಯ ಆಚೆ, ಕಾಡಿನ ಅಂಚಿನಲ್ಲಿ ನಿಂತಿದೆ. ಅಷ್ಟು ದೂರ ಹೇಗೆ ಹೋದರೋ, ಬಸ್ಸು ಹತ್ತಿರಬೇಕು. ಪೊಲೀಸರು ನಾಯಿ ತಂದು ಅಲ್ಲೇ ಹುಡುಕುತ್ತಿದ್ದಾರೆ. ವೇಣುಗೋಪಾಲ ಡಾಕ್ಟರು ಡ್ಯೂಟಿ ಬಿಟ್ಟು ಬಂದಿದ್ದಾರೆ. ನಮ್ಮ ಕನ್ನಡದವರು ಸುಮಾರು ಮಂದಿ ಟಾರ್ಚು ಹಿಡಿದು ಕೆರೆ ಸುತ್ತುತ್ತಿದ್ದೇವೆ. ಚುಕ್ಕೆ ಒಂದು ಮರದ ಹತ್ತಿರ, ಆಮೇಲೆ ಇನ್ನೊಂದು ಮರದ ಹತ್ತಿರ. ಮೆಲ್ಲಗೆ ನಡೆಯುತ್ತಿದ್ದಾರೆ ಅಂದುಕೊಂಡೆವು. ನಡೆಯುತ್ತಿದ್ದರೆ ಬದುಕಿದ್ದಾರೆ.

ಮೂರು ಕಿವಿಗಳಲ್ಲಿ ಪಿನ್ನರಿನದಕ್ಕೇ ಕೂಗು ಬಹಳ ಜೋರಾಗಿ ಕೇಳುತ್ತಿದೆ. ನಿಮ್ಮ ಹಿತ್ತಲಿನ ಕೋಲು ಅಷ್ಟು ಚೆನ್ನಾಗಿ ನಿಂತಿದೆ. ನಿಮ್ಮ ಮನೆಯೇ ನಮ್ಮ ಕೈ ಹಿಡಿದಿದೆ.

ಸಾನ್ವಿ ನಕ್ಷೆ ನೋಡಿ ‘ಪಪ್ಪಾ, ಅಜ್ಜ ಹೇಟ್ಸ್ ವಾಟರ್’ ಅಂದಳು. ನಿಜ, ಅಪ್ಪನಿಗೆ ನೀರೆಂದರೆ ಹೆದರಿಕೆ. ಮತ್ತೆ ಕೆರೆಗೆ ಯಾಕೆ ಹೋದರು? ನಿಮಗೇನಾದರೂ ಹೊಳೆಯುತ್ತದೆಯೇ ಅತ್ತಿ? ಅವರು ಎಲ್ಲಿಗೆ ಹೋಗಿರಬಹುದು?

ಬೆಳಕಾಗುತ್ತಿದೆ, ಮತ್ತೆ ಹೊರಡುತ್ತೇನೆ.

ರುದ್ರೇಶ


ಧಾರವಾಡ
16 ಜನವರಿ 2025

ಚಿ. ರುದ್ರೇಶನಿಗೆ.

ಅಂಕಿತಾ ಬರೆಯುತ್ತಿದ್ದಾಳೆ, ಮಾತು ನನ್ನವು.

ಸಂಕ್ರಮಣದ ಮರುದಿನ ಹೇಳಿದರು. ಹಬ್ಬ ಕಳೆಯಲಿ ಅಂತ ಕಾದಿದ್ದರಂತೆ. ಎಳ್ಳು ಬೆಲ್ಲ ತಿಂದೆ ನಾನು. ಅಣ್ಣ ಹೋಗಿದ್ದು ಗೊತ್ತಿಲ್ಲದೆ ಎಳ್ಳು ಬೆಲ್ಲ ತಿಂದೆ.

ಜಗನ್ನಾಥ ಏನು ಕೇಳಿದರೂ ‘ಆಸ್ಪತ್ರಿಯೊಳಗ’ ಅಂತಷ್ಟೇ ಅನ್ನುತ್ತಾನೆ. ಡಾಕ್ಟರು ಅಳಬಾರದು ಅಂದಿದ್ದಾರೆ, ಹೊಲಿಗೆ ಬಿಡುತ್ತದಂತೆ. ಅಣ್ಣ ಸತ್ತರೆ ಅಳಬಾರದು ಅನ್ನುವ ಡಾಕ್ಟರು ಎಲ್ಲಿಯವನು?

ಎಲ್ಲಿ ಸಿಕ್ಕ? ಯಾರು ನೋಡಿದರು? ಬಾಯಿಗೆ ನೀರು ಬಿಟ್ಟವರು ಯಾರು? ಕೊನೆಗೆ ನನ್ನ ಹೆಸರು ಏನಾದರೂ ತೆಗೆದನೇ? ಒಂದನ್ನೂ ಬಿಡದೆ ಬರೆ. ಲಿಂಗ ಕೊರಳಲ್ಲಿ ಇತ್ತೇ? ಅಲ್ಲಿ ಮಣ್ಣು ಹೇಗೆ ಕೊಟ್ಟಿರಿ? ನಮ್ಮ ಅಪ್ಪ ಅವ್ವನನ್ನು ಕೂಡಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ ಕಳಿಸಿದ್ದೆವು. ಅಣ್ಣನನ್ನು ಹೇಗೆ ಕಳಿಸಿದಿರಿ?

ನಾನು ಬರಬಾರದಾಗಿತ್ತು. ಕುರುಡಿಯಾಗಿ ಅಲ್ಲೇ ಬಿದ್ದಿದ್ದರೂ ಅವನ ಬಾಗಿಲು ತೆಗೆಯಲು ಕಣ್ಣು ಬೇಕಿರಲಿಲ್ಲ.

ಸುಶೀಲಾಬಾಯಿ


ರೇನರ್ಸ್ ಲೇನ್
22 ಜನವರಿ 2025

ಅತ್ತಿ,

ಇದನ್ನು ನಾನು ಪೋಸ್ಟ್ ಮಾಡುವುದಿಲ್ಲ. ಬರೆದು ಹರಿದುಹಾಕುತ್ತೇನೆ. ಬೇರೆ ಯಾರಿಗೂ ಹೇಳುವ ಹಾಗಿಲ್ಲ, ನಿನಗಂತೂ ಹೇಳುವ ಹಾಗಿಲ್ಲ. ಆದರೂ ಹೇಳಬೇಕಾದವಳು ನೀನೇ.

ನಿನ್ನ ನಾಲ್ಕನೆಯ ತಾರೀಖಿನ ಕಾಗದ ನಿನ್ನೆ ಬಂತು. ಅಪ್ಪನಿಗೆ ಮಣ್ಣು ಕೊಟ್ಟು ಮನೆಗೆ ಬಂದೆ, ಬಾಗಿಲ ಹಿಂದೆ ಬಿದ್ದಿತ್ತು. ಬೋಗುಣಿಯ ಸಾಲು ಓದಿ ಹಾಗೇ ಚಾಪೆಯ ಮೇಲೆ ಕೂತೆ.

ಅಪ್ಪ ಕೆರೆಯ ಹತ್ತಿರ ಇರಲೇ ಇಲ್ಲ. ರೂಢಿಯ ದಾರಿಯಲ್ಲಿ ನಡೆದು ಹೋಗಿ ನಿನ್ನ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಬಾಗಿಲಿಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿಕೊಂಡು, ಎರಡೂ ಕೈಯಲ್ಲಿ ಲಿಂಗ ಹಿಡಿದುಕೊಂಡು. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ಹಕ್ಕಿಗೆ ಕಾಳು ಹಾಕಲು ಬಂದು ಬೇಲಿ ಮೇಲಿಂದ ನೋಡಿದಳು. ನಮ್ಮವರನ್ನು ಕೂಡಿಸುವ ಹಾಗೆಯೇ ಕೂತಿದ್ದ. ಇಲ್ಲಿ ನಾವು ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿಯೇ ಮಣ್ಣು ಕೊಟ್ಟೆವು.

ನೀನು ಹೋದ ದಿನದಿಂದ ಅವನು ದಿನಾ ‘ಸುಶೀಲಾ ಎಲ್ಲಿ?’ ಅಂತ ಕೇಳುತ್ತಿದ್ದ. ನನ್ನ ಗುರುತು ಹೋಗಿತ್ತು, ನನಗೆ ‘ರೀ ಮಾಸ್ತರ’ ಅನ್ನುತ್ತಿದ್ದ. ‘ರೀ ಮಾಸ್ತರ, ನಮ್ಮ ತಂಗಿ ಮನಿಗೆ ಬಿಡ್ರಿ.’ ಇದನ್ನು ನಿನಗೆ ಬರೆದರೆ ಆಪರೇಷನ್ ಬಿಟ್ಟು ಬಂದುಬಿಡುತ್ತೀ ಅಂತ ಆರಾಮ ಇದ್ದಾರೆ ಅಂತ ಬರೆದೆ.

ನಿನ್ನ ಮನೆಗೆ ನಾನು ಹೋಗಿದ್ದೆ ಅತ್ತಿ. ಅವನು ಕಾಣೆಯಾದ ದಿನ, ಶುಕ್ರವಾರವೇ ಹೋಗಿದ್ದೆ. ನನ್ನ ಹತ್ತಿರ ಇರುವುದು ಮುಂಬಾಗಿಲ ಕೀಲಿ. ಒಳಗೆ ಹೋಗಿ ಕರೆದೆ, ರೂಮು ರೂಮು ನೋಡಿದೆ, ಅಡಿಗೆಮನೆಯವರೆಗೂ ಹೋದೆ. ಪರದೆ ಎಳೆದಿತ್ತು. ಹಿತ್ತಲ ಬಾಗಿಲು ತೆರೆಯಲಿಲ್ಲ. ಚುಕ್ಕೆ ಕೆರೆಯ ಹತ್ತಿರ ಇತ್ತಲ್ಲ, ಹೊತ್ತು ಹಾಳು ಮಾಡುವುದು ಬೇಡ ಅಂತ ಓಡಿದೆ. ಆ ಬಾಗಿಲ ಆಚೆ ಕೂತಿದ್ದ. ಆಗ ಜೀವ ಇತ್ತು ಅನ್ನುತ್ತಾರೆ ಡಾಕ್ಟರು, ಶನಿವಾರ ಬೆಳಗಿನವರೆಗೂ ಇದ್ದಿರಬೇಕಂತೆ.

ಬೋಗುಣಿಯ ಕೆಳಗೆ ಬಿಲ್ಲೆಗೆ ಒಂದು ಉಪಗ್ರಹವೂ ಕಾಣಲಿಲ್ಲ. ಗಡಿಯಾರ ಅಡ್ಡಾದಿಡ್ಡಿ ಓಡಿತು. ನಾನು ದಿನಾ ಲೆಕ್ಕ ತಿದ್ದಿ ಅದರ ತಪ್ಪನ್ನು ಮುಚ್ಚುತ್ತ ಬಂದೆ. ಆ ಚಳಿಗೆ ಮತ್ತಷ್ಟು ಕೆಟ್ಟಿತು. ಮರದಿಂದ ಮರಕ್ಕೆ ನಡೆದದ್ದು ಅಪ್ಪ ಅಲ್ಲ, ಆ ಗಡಿಯಾರ. ಉಪಗ್ರಹ ಕಾಣದಿದ್ದರೆ ಕೆಂಪಾಗುವ ಪೆಟ್ಟಿಗೆಯ ದೀಪ ಒಂದು ತಿಂಗಳಿಂದ ಕಪಾಟಿನೊಳಗೆ ಕೆಂಪಗೆ ಉರಿಯುತ್ತಿತ್ತು. ಪಿನ್ನರಿನ ಕಿವಿಗೆ ಕೂಗು ಜೋರಾಗಿ ಕೇಳುತ್ತಿದೆ ಅಂತ ನಾನೇ ನಿನಗೆ ಬರೆದೆನಲ್ಲ. ನಾಲ್ಕು ಅಡಿ ದೂರದಲ್ಲಿ ಕೂತಿದ್ದ, ಕೇಳದೆ ಇರುತ್ತದೆಯೇ? ಸಾನ್ವಿಯೂ ಹೇಳಿದಳು. ನಾನು ಲೆಕ್ಕವನ್ನು ನಂಬಿದೆ.

ಬೋಗುಣಿ ತೆಗೆದು ನೋಡಿದೆ. ಬಿಲ್ಲೆ ಒಣಗಿ ಸ್ವಚ್ಛ ಇತ್ತು. ನೀನು ಅಂದ ಹಾಗೆಯೇ, ಒಂದು ಹನಿ ಒಳಗೆ ಹೋಗಿರಲಿಲ್ಲ.

ನಿನ್ನ ತಪ್ಪು ಅಂತ ನನಗೆ ಒಂದು ಕ್ಷಣ ಅನ್ನಿಸಿತು. ನಿನ್ನ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬರಲಿಲ್ಲ. ಆದರೆ ನಿನಗೆ ಇದು ಗೊತ್ತಾದರೆ ನೀನು ಬದುಕುವುದಿಲ್ಲ. ಅಪ್ಪ ಹೋದ, ನಿನ್ನನ್ನೂ ಕಳೆದುಕೊಳ್ಳುವುದು ನನ್ನಿಂದಾಗುವುದಿಲ್ಲ.

ರುದ್ರ್ಯಾ


ರೇನರ್ಸ್ ಲೇನ್
24 ಜನವರಿ 2025

ಪೂಜ್ಯ ಅತ್ತಿಯವರಿಗೆ ಶರಣು.

ನಿಮ್ಮ ನಾಲ್ಕನೆಯ ತಾರೀಖಿನ ಕಾಗದ ಬಂದಿದೆ. ಅಂಕಿತಾ ಕೈಯಿಂದ ಬರೆಸಿದ್ದನ್ನು ಜಗನ್ನಾಥ ಫೋಟೋ ತೆಗೆದು ಕಳಿಸಿದ್ದ, ಅದನ್ನೂ ಓದಿದೆ.

ನೀವು ಕೇಳಿದ್ದಕ್ಕೆ ಒಂದೊಂದಾಗಿ ಬರೆಯುತ್ತೇನೆ. ಅಪ್ಪ ನಕ್ಷೆ ತೋರಿಸಿದಲ್ಲೇ ಸಿಕ್ಕರು. ಕೆರೆಯ ಆಚೆ ಬೆಂಚಿನ ಮೇಲೆ ಕೂತಿದ್ದರು, ನಾನೇ ಮೊದಲು ನೋಡಿದ್ದು. ಚಳಿ ಬಹಳ ಹತ್ತಿತ್ತು. ಆಸ್ಪತ್ರೆಗೆ ಕರೆದೊಯ್ದೆವು. ಬೆಚ್ಚಗೆ ಹೊದಿಸಿದ್ದರು, ನೋವು ಇರಲಿಲ್ಲ. ಭಾನುವಾರ ನಿದ್ದೆಯಲ್ಲೇ ಹೋದರು. ಬಾಯಿಗೆ ನೀರು ನಾನು ಬಿಟ್ಟೆ. ನಿಮ್ಮ ಹೆಸರು ತೆಗೆದರು. ‘ಸುಶೀಲಾ ಆರಾಮ ಅದಾಳಲ್ಲ’ ಅಂದರು. ಲಿಂಗ ಕೈಯಲ್ಲೇ ಇತ್ತು, ಹಾಗೇ ಕಳಿಸಿದೆವು. ಪಿನ್ನರಿನ ಒಬ್ಬ ಹಿರಿಯರು ವಿಭೂತಿ ಹಚ್ಚಿ ಎಲ್ಲ ಶಾಸ್ತ್ರ ಮಾಡಿದರು.

ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಇಟ್ಟಿದ್ದೇನೆ. ಇನ್ನು ಬೇಕಿಲ್ಲ.

ಅಂಕಿತಾಗೆ ನನ್ನ ನಮಸ್ಕಾರ ಹೇಳಿ. ಜಗನ್ನಾಥನಿಗೆ ಬದನೆಕಾಯಿ ಕಡಿಮೆ ತಿನ್ನಲು ಹೇಳಿ. ಹಿತ್ತಲ ಕೀಲಿ ಮೊಳೆಯ ಮೇಲೇ ಇದೆ. ಕಣ್ಣಿನ ಹನಿ ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಿ. ಏಪ್ರಿಲಿನಲ್ಲಿ ಬನ್ನಿ, ನಮ್ಮ ಮನೆಯಲ್ಲೇ ಇರಿ. ಅಪ್ಪನ ರೂಮು ಖಾಲಿ ಇದೆ.

ನಿಮ್ಮ
ರುದ್ರೇಶ


ಧಾರವಾಡ
20 ಫೆಬ್ರುವರಿ 2025

ಚಿ. ರುದ್ರೇಶನಿಗೆ ಆಶೀರ್ವಾದ.

ಈಗ ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಕಣ್ಣು ಚಲೋ ಆಗಿದೆ, ಗೋಡೆಯ ಮೇಲಿನ ಬಿರುಕೂ ಕಾಣುತ್ತದೆ. ಮೊದಲು ಓದಿದ್ದು ನಿನ್ನ ಕಾಗದಗಳನ್ನು. ತಾರೀಖಿನ ಪ್ರಕಾರ ಇಟ್ಟುಕೊಂಡು ಓದಿದೆ.

ಜನವರಿ ಹನ್ನೊಂದರ ಕಾಗದ ಎಲ್ಲ ಮುಗಿದ ಮೇಲೆ ಬಂದಿತ್ತು. ‘ಎಲ್ಲಿಗೆ ಹೋಗಿರಬಹುದು’ ಅಂತ ಕೇಳಿದ್ದೀ. ನನ್ನನ್ನು ಆಗಲೇ ಕೇಳಿದ್ದರೆ ಕಣ್ಣಿಗೆ ಪಟ್ಟಿ ಇದ್ದರೂ ಹೇಳುತ್ತಿದ್ದೆ, ಇನ್ನೆಲ್ಲಿಗೆ ಹೋಗುತ್ತಾನೆ, ನನ್ನ ಮನೆಗೆ ಅಂತ. ಆದರೆ ನೀನು ಕೆರೆಯ ಹತ್ತಿರ ಸಿಕ್ಕ ಅಂತ ಬರೆದಿದ್ದೀ. ನೀರು ಕಂಡರೆ ದೂರ ಸರಿಯುವವನು ಅಲ್ಲಿ ಹೇಗೆ ಕೂತ ಅಂತ ನಾನು ದಿನಾ ಯೋಚಿಸುತ್ತೇನೆ.

ಒಂದು ಮಾತು ಕೇಳಬೇಕು. ನಾಲ್ಕನೆಯ ತಾರೀಖು ನಾನು ಬರೆದದ್ದಕ್ಕೆಲ್ಲ ನೀನು ಉತ್ತರ ಬರೆದಿದ್ದೀ. ಬದನೆಕಾಯಿ ಬಂತು, ಹಿತ್ತಲ ಕೀಲಿ ಬಂತು, ಕಣ್ಣು ಬಂತು. ಬೋಗುಣಿಯ ಬಗ್ಗೆ ಒಂದಕ್ಷರ ಇಲ್ಲ. ‘ಅತ್ತಿ, ನಿಮ್ಮ ಬೋಗುಣಿಯಿಂದ ಪೆಟ್ಟಿಗಿ ಒಣಾ ಉಳೀತು’ ಅಂತ ಚೇಷ್ಟೆ ಮಾಡದೆ ಬಿಡುವವನೇ ನೀನು?

ಬಿಲ್ಲೆಗೆ ಆಕಾಶ ಕಾಣಬೇಕು ಅಂತ ನೀನೇ ಬರೆದಿದ್ದೆ. ಸ್ಟೀಲಿನ ಒಳಗಿಂದ ಅದಕ್ಕೆ ಆಕಾಶ ಕಾಣುತ್ತಿತ್ತೋ ಇಲ್ಲವೋ? ಹೌದು ಅಥವಾ ಇಲ್ಲ ಅಂತ ಬರೆ. ನೀನು ಏನು ಬರೆದರೂ ಮತ್ತೆ ಕೇಳುವುದಿಲ್ಲ.

ನಿನ್ನ ಅತ್ತಿ


ರೇನರ್ಸ್ ಲೇನ್
4 ಮಾರ್ಚ್ 2025

ಪೂಜ್ಯ ಅತ್ತಿಯವರಿಗೆ ಶರಣು.

ನಿಮ್ಮ ಅಕ್ಷರ ನೋಡಿ ಸಂತೋಷವಾಯಿತು, ಮೊದಲಿಗಿಂತ ದುಂಡಗಿದೆ. ಇಲ್ಲಿ ಚಳಿ ಕಡಿಮೆಯಾಗಿದೆ. ನಿಮ್ಮ ಹಿತ್ತಲಲ್ಲಿ ಹಳದಿ ಹೂವು ತಲೆ ಎತ್ತಿವೆ. ಮೀರಾ ಅವರು ತುಳಸಿಯನ್ನು ಮತ್ತೆ ಬಾಲ್ಕನಿಗೆ ಇಟ್ಟಿದ್ದಾರೆ. ಸಾನ್ವಿ ಅಪ್ಪನ ಟೋಪಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ.

ಬೋಗುಣಿಯ ಬಗ್ಗೆ ಬರೆಯಲು ಮರೆತಿದ್ದೆ, ಅಷ್ಟೇ. ಆ ದಿನಗಳಲ್ಲಿ ತಲೆ ಸರಿ ಇರಲಿಲ್ಲ. ಸ್ಟೀಲು ತೆಳ್ಳಗಿದ್ದರೆ ಉಪಗ್ರಹದ ಅಲೆ ಅದರ ಒಳಗೆ ಹಾಯುತ್ತದೆ. ಗಾಜು, ಮೋಡದ ಹಾಗೆಯೇ. ಪಿನ್ನರಿನ ಗಡಿಯಾರ ಕೊನೆಯವರೆಗೂ ಸರಿಯಾಗಿ ನಡೆಯಿತು. ಅದರಿಂದಲೇ ಅಪ್ಪ ಸಿಕ್ಕರು. ಬೋಗುಣಿ ತೊಳೆದು ನಮ್ಮ ಮನೆಗೆ ತಂದಿದ್ದೇನೆ.

ಕಾಣುತ್ತಿತ್ತು ಅತ್ತಿ. ಹೌದು.

ಏಪ್ರಿಲಿಗೆ ಟಿಕೆಟ್ಟು ನಾನೇ ಮಾಡಿಸುತ್ತೇನೆ. ತಾರೀಖು ಹೇಳಿ.

ನಿಮ್ಮ
ರುದ್ರೇಶ


ಧಾರವಾಡ
19 ಮಾರ್ಚ್ 2025

ರುದ್ರೇಶಾ,

ಕಾಗದ ಮುಟ್ಟಿತು. ಟಿಕೆಟ್ಟು ಮಾಡಿಸಬೇಡ. ನಾನು ಬರುವುದಿಲ್ಲ. ಪಿನ್ನರ್ ಮನೆ ಮಾರುವುದೋ ಬಿಡುವುದೋ ನಿನಗೆ ತಿಳಿದ ಹಾಗೆ ಮಾಡು, ಕಾಗದಪತ್ರ ಕಳಿಸಿದರೆ ಸಹಿ ಹಾಕುತ್ತೇನೆ.

ನಿನ್ನನ್ನು ಕೇಳುವ ಮೊದಲೇ ನಾನು ನೋಡಿದ್ದೆ. ಅಂಕಿತಾಳ ಮೊಬೈಲಿನಲ್ಲಿ ತಲೆಯ ಮೇಲಿನ ಉಪಗ್ರಹಗಳನ್ನು ತೋರಿಸುವುದೊಂದು ಇದೆ. ಮಾಳಿಗೆಯ ಮೇಲೆ ಇಟ್ಟರೆ ಉಪಗ್ರಹಕ್ಕೊಂದರಂತೆ ಸಾಲಾಗಿ ಹಸಿರು ಕಡ್ಡಿಗಳು. ಇಲ್ಲಿನ ಹಾಲಿನ ಬೋಗುಣಿ ತಂದು ಅದರ ಮೇಲೆ ಬೋರಲು ಹಾಕಿದೆ. ಸ್ವಲ್ಪ ತಡೆದು ಎತ್ತಿದಾಗ ಒಂದೂ ಇರಲಿಲ್ಲ. ಅಂಕಿತಾ ಕೆಳಗೆ ಹೋದಳು. ನಾನು ಮತ್ತೆ ಹಾಕಿದೆ, ಮತ್ತೆ ಎತ್ತಿದೆ. ಕತ್ತಲಾಗುವವರೆಗೂ ಅದನ್ನೇ ಮಾಡಿದೆ.

ಪಿನ್ನರಿನ ಗಡಿಯಾರ ತಪ್ಪಿದ್ದರೆ ನಿನ್ನ ನಕ್ಷೆ ತಪ್ಪು. ನಕ್ಷೆ ತಪ್ಪಾದರೆ ಅಣ್ಣ ಕೆರೆಯ ಹತ್ತಿರ ಇರಲಿಲ್ಲ. ಅವನು ಎಲ್ಲಿ ಕೂತಿದ್ದ ಅಂತ ನೀನು ಬರೆಯುವುದು ಬೇಡ. ಆ ಮೆಟ್ಟಿಲು ನಾನು ದಿನಾ ತೊಳೆಯುತ್ತಿದ್ದದ್ದು.

ಮತ್ತೆ ಯಾಕೆ ಕೇಳಿದೆ ಅಂದರೆ, ಕಾಣುತ್ತಿತ್ತು ಅಂತ ಯಾರಾದರೂ ಒಬ್ಬರು ಒಂದು ಸಲ ಅನ್ನಲಿ ಅಂತ. ನೀನು ಅಂದೆ. ಆ ಒಂದು ಸಾಲು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೇನೆ, ನಂಬುವುದಿಲ್ಲ, ಆದರೂ ಇಟ್ಟುಕೊಂಡಿದ್ದೇನೆ.

ಬೋಗುಣಿ ಕಸಕ್ಕೆ ಒಗೆಯಬೇಡ. ಅದರಲ್ಲಿ ಸಾನ್ವಿಗೆ ಹಾಲು ಕಾಸಿ ಕೊಡು. ಆದರೆ ತೊಳೆದ ಮೇಲೆ ಬೋರಲು ಹಾಕಬೇಡ ಮಗಾ. ಅಂಗಾತ ಇಡು.

ಸುಶೀಲಾ